ನಮ್ಮ ಶಾಲೆಯ ಲೆಕ್ಕ ನಮಗೂ ಗೊತ್ತಾಗಲಿ

ಸಂಪಾದಕರಿಗೆ ನಮಸ್ಕಾರ.

ಸರ್ಕಾರಿ ಶಾಲೆಗೆ ಮಕ್ಕಳೇ ಬರುತ್ತಿಲ್ಲ ಎಂಬ ಸುದ್ದಿಯನ್ನು ಪೇಪರಿನಲ್ಲಿ ಆಗಾಗ ಓದುತ್ತೇನೆ. ನಮ್ಮ ಶಾಲೆಯಲ್ಲಿ ಆಗಿರುವುದು ಅದರ ಉಲ್ಟಾ. ಎರಡು ವರ್ಷದ ಹಿಂದೆ ಒಂದರಿಂದ ಏಳನೇ ಕ್ಲಾಸಿನ ತನಕ 168 ಮಕ್ಕಳಿದ್ದರು. ಈಗ 214. ಜಾಗ ಸಾಲದೆ ನಲಿಕಲಿ ಮಕ್ಕಳನ್ನು, ಅಂದರೆ ಸಣ್ಣ ಕ್ಲಾಸಿನವರನ್ನು, ವರಾಂಡದಲ್ಲಿ ಕೂರಿಸುತ್ತಾರೆ. ಮಳೆ ಬಂದರೆ ಚಾಪೆ ಸುತ್ತಿಕೊಂಡು ಒಳಗೆ ಓಡಬೇಕು.

ಈ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನಾನು ಅಧ್ಯಕ್ಷೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಮಿಷಿನ್ ತುಳಿದೆ. ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಓದಿದ್ದು ಒಂಬತ್ತನೇ ಕ್ಲಾಸಿನ ತನಕ. ಮಗಳು ಇದೇ ಶಾಲೆಯಲ್ಲಿ ಏಳು ವರ್ಷ ಓದಿ ಹೈಸ್ಕೂಲಿಗೆ ಹೋದಳು. ಮಗ ಈಗ ಇಲ್ಲೇ ಏಳನೇ ಕ್ಲಾಸು. ಪತ್ರದ ಕೆಳಗೆ ಹೆಸರು, ವಿಳಾಸ ಎಲ್ಲ ಬರೆದಿದ್ದೇನೆ, ಆದರೆ ದಯವಿಟ್ಟು ಅಚ್ಚು ಹಾಕಬೇಡಿ. ನಮ್ಮ ಹೆಡ್ ಮೇಷ್ಟ್ರು ಒಳ್ಳೆಯವರು. ನನ್ನ ಪತ್ರದಿಂದ ಅವರಿಗೆ ನೋಟಿಸ್ ಬರುವುದು ನನಗೆ ಬೇಡ.

ನಮ್ಮದು ಹೊಸೂರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಜಾಗ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ಅದಕ್ಕೂ ಮುಂಚೆ ಪಂಚಾಯಿತಿ ಇತ್ತು. ಆಗ ಶಾಲೆಯ ಬೋರ್‌ವೆಲ್ ಕೆಟ್ಟರೆ ಮೆಂಬರ್ ಮನೆ ಬಾಗಿಲು ಬಡಿಯಬಹುದಿತ್ತು ಎಂದು ಹಳಬರು ಹೇಳುತ್ತಾರೆ. ಈಗ ಯಾರ ಬಾಗಿಲು ಬಡಿಯುವುದು? 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದರು. ಶಾಲೆಯ ಮುಂದಿನ ಚರಂಡಿ ಪಾಲಿಕೆಯದು, ಒಳಗಿನ ಕಟ್ಟಡ ಶಿಕ್ಷಣ ಇಲಾಖೆಯದು. ಕಾಂಪೌಂಡ್ ಪಕ್ಕದ ಮರ ಒಣಗಿ ವಾಲಿತ್ತು. ಅದನ್ನು ಕಡಿಸಲು ನಾನು ನಾಲ್ಕು ಕಚೇರಿ ಸುತ್ತಿದ್ದೇನೆ.

ದುಡ್ಡಿನ ವಿಷಯ ಹೇಳುತ್ತೇನೆ. 2025-26ರ ರಾಜ್ಯ ಬಜೆಟ್ 4 ಲಕ್ಷ 9 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಶಿಕ್ಷಣಕ್ಕೆ ಇಟ್ಟಿದ್ದು 45,286 ಕೋಟಿ. ದೊಡ್ಡ ಮೊತ್ತವೇ. ಹೆಚ್ಚಿನದು ಸಂಬಳಕ್ಕೆ ಹೋಗುತ್ತದೆ. ಹೋಗಲಿ, ಮೇಷ್ಟ್ರಿಗೆ ಸಂಬಳ ಕೊಡಲೇಬೇಕು. ಆದರೆ ಸಮಿತಿ ಕೈಗೆ ಬರುವುದು ಎಷ್ಟು ಗೊತ್ತಾ? ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ. ಅದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40 ಪಾಲು. ನೂರಕ್ಕಿಂತ ಹೆಚ್ಚು, 250ರ ತನಕ ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ. 168 ಮಕ್ಕಳಿದ್ದಾಗಲೂ ಅಷ್ಟೇ, 214 ಆದಾಗಲೂ ಅಷ್ಟೇ. ಒಂದು ಮಗುವಿಗೆ ವರ್ಷಕ್ಕೆ 233 ರೂಪಾಯಿ ಚಿಲ್ಲರೆ. ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ಫಿನಾಯಿಲ್, ನಲ್ಲಿ ರಿಪೇರಿ, ಒಡೆದ ಹೆಂಚು, ಇಂಟರ್‌ನೆಟ್, ಆಗಸ್ಟ್ 15ರ ಬಾವುಟ, ಎಲ್ಲವೂ ಅದರಲ್ಲೇ.

ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 5,000 ರೂಪಾಯಿ, ಸ್ವಚ್ಛತೆಗೆ ತೆಗೆದಿಡಬೇಕು ಎಂದು ನಿಯಮ. ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಬಾರದು ಎಂಬ ಆದೇಶವೂ ಇದೆ. ಅದು ಸರಿಯಾದ ಆದೇಶ, ಎರಡು ಮಾತಿಲ್ಲ. ಆದರೆ ತೊಳೆಯುವವರು ಯಾರು? ನಮ್ಮ ಶಾಲೆಗೆ ಆಯಾ ಇಲ್ಲ, ಜವಾನ ಇಲ್ಲ. ಹಿಂದಿನ ಬೀದಿಯ ಒಬ್ಬ ಅಕ್ಕನಿಗೆ ತಿಂಗಳಿಗೆ 3,000 ಕೊಟ್ಟು ತೊಳೆಸುತ್ತಿದ್ದೇವೆ. ಹತ್ತು ತಿಂಗಳಿಗೆ 30,000. ಅನುದಾನದಲ್ಲಿ ಹಾಕಿದರೆ ಮಿಕ್ಕಿದ್ದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ತಾಯಂದಿರೇ ಮನೆಗೆ ಇಪ್ಪತ್ತು ಇಪ್ಪತ್ತು ರೂಪಾಯಿ ಹಾಕುತ್ತೇವೆ. ಕೆಲವು ತಿಂಗಳು ಪೂರ್ತಿ ಕೂಡಿಬರುವುದಿಲ್ಲ. ಆ ತಿಂಗಳು ಆರನೇ, ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಮಧ್ಯಾಹ್ನವೇ ಮನೆಗೆ ಹೋಗಿಬಿಡುತ್ತಾರೆ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇನ್ನು ದುಡ್ಡು ಬರುವ ಕಾಲ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಹೋದ ವರ್ಷ ನಮ್ಮ ಶಾಲೆಗೆ ಅನುದಾನ ಬಂದಿದ್ದು ಫೆಬ್ರವರಿ ಎರಡನೇ ವಾರದಲ್ಲಿ. ಮಾರ್ಚ್ 31ರ ಒಳಗೆ ಖರ್ಚು ತೋರಿಸದಿದ್ದರೆ ವಾಪಸ್. ಆರು ವಾರದಲ್ಲಿ ಕೊಟೇಶನ್ ತರಬೇಕು, ಜಿಎಸ್‌ಟಿ ಬಿಲ್ ತರಬೇಕು, ಆನ್‌ಲೈನ್‌ನಲ್ಲಿ ವೋಚರ್ ಏರಿಸಬೇಕು. ಜುಲೈನಲ್ಲಿ ಸೋರಿದ ಸೂರನ್ನು ಮಾರ್ಚಿನಲ್ಲಿ ರಿಪೇರಿ ಮಾಡಿಸಿದೆವು. ಜುಲೈನಲ್ಲಿ ಅದಕ್ಕೆ ಟಾರ್ಪಾಲಿನ್ ಹೊದಿಸಿದ್ದು ಹೆಡ್ ಮೇಷ್ಟ್ರ ಸ್ವಂತ ದುಡ್ಡಿನಲ್ಲಿ. ಆ ದುಡ್ಡನ್ನು ಅವರು ಕೇಳಲೂ ಇಲ್ಲ.

ಸರ್ಕಾರ ಏನೂ ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಪುಸ್ತಕ ಬರುತ್ತದೆ, ಯೂನಿಫಾರ್ಮ್ ಬರುತ್ತದೆ. 2013ರಿಂದ ಹಾಲು ಕೊಡುತ್ತಿದ್ದಾರೆ. ಬಿಸಿಯೂಟ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ, 2024ರಿಂದ, ವಾರಕ್ಕೆ ಆರು ದಿನ ಮೊಟ್ಟೆ. ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳು ನಮ್ಮಲ್ಲಿ ತುಂಬಾ ಇದ್ದಾರೆ. ತಾಯಿ ಏಳೂವರೆಗೆ ಗಾರ್ಮೆಂಟ್ಸ್ ವ್ಯಾನ್ ಹತ್ತಿದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಆ ಹಾಲು, ಆ ಮೊಟ್ಟೆ ಏನು ಅಂತ ನಮಗೆ ಗೊತ್ತು.

ಆದರೆ ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಈ ಶಾಲೆಯನ್ನು ನಡೆಸುವವರು ಯಾರು? ಕಾನೂನಿನಲ್ಲಿ ಉತ್ತರ ಇದೆ. 2001ರಲ್ಲಿ, ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ, ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಹುಟ್ಟಿದವು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಪ್ಪ ಅಮ್ಮಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಅದರ 21ನೇ ಕಲಂ ಹೇಳುತ್ತದೆ. ಶಾಲೆಗೆ ಏನು ಬೇಕು ಎಂಬ ಯೋಜನೆಯನ್ನು ಸಮಿತಿಯೇ ಮಾಡಬೇಕು, ಅನುದಾನಕ್ಕೆ ಅದೇ ಆಧಾರ ಆಗಬೇಕು ಎಂದು 22ನೇ ಕಲಂ ಹೇಳುತ್ತದೆ. ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಆ ಪುಟ ಮಡಿಚಿ ಇಟ್ಟುಕೊಂಡಿದ್ದೇನೆ.

ನಡೆದಿದ್ದು ಹೀಗೆ. ಯೋಜನೆ ಟೈಪ್ ಆಗಿಯೇ ಬಂತು. ಶಾಲೆಯ ಹೆಸರು, ಮಕ್ಕಳ ಸಂಖ್ಯೆ ತುಂಬಿಸಿ, ನಾನು ಸಹಿ ಹಾಕಿದರೆ ಆಯಿತು. ನಮಗೆ ಬೇಕಾಗಿದ್ದು ಎರಡು ರೂಮು ಮತ್ತು ಒಬ್ಬ ಗಣಿತ ಮೇಷ್ಟ್ರು. ಅದನ್ನು ನಡಾವಳಿ ಪುಸ್ತಕದಲ್ಲಿ ಮೂರು ಸಲ ಬರೆದು, ನಕಲು ಕಳಿಸಿದ್ದೇವೆ. ಒಂದು ಸಾಲಿನ ಉತ್ತರವೂ ಬಂದಿಲ್ಲ.

ಮೀಟಿಂಗ್ ಇಡುವುದು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ನಮ್ಮ ಸಮಿತಿಯ ಒಂಬತ್ತು ಹೆಂಗಸರಲ್ಲಿ ಆರು ಜನ ಗಾರ್ಮೆಂಟ್ಸ್‌ನವರು. ಬಂದರೆ ಒಂದು ದಿನದ ಸಂಬಳ ಹೋಗುತ್ತದೆ, ತಿಂಗಳ ಹಾಜರಾತಿ ಬೋನಸ್ಸೂ ಹೋಗುತ್ತದೆ. ಬರದಿದ್ದರೆ 'ಪೋಷಕರಿಗೆ ಆಸಕ್ತಿ ಇಲ್ಲ' ಎಂದು ವರದಿಯಲ್ಲಿ ಬರೆಯುತ್ತಾರೆ. ಈ ವರ್ಷ ನಾವು ಒಂದು ಭಾನುವಾರ ಸಂಜೆ ಐದಕ್ಕೆ ಸಭೆ ಕರೆದೆವು. ಎಂಬತ್ತಕ್ಕೂ ಜಾಸ್ತಿ ಜನ ಬಂದರು. ಕೂರಲು ಬೆಂಚು ಸಾಲದೆ ಗಂಡಸರು ಹೊರಗೆ ಕಿಟಕಿ ಹತ್ತಿರ ನಿಂತರು.

ಇಲ್ಲಿ ಶೂ ವಿಷಯ ಹೇಳಲೇಬೇಕು. ಇಡೀ ಶಾಲೆಯಲ್ಲಿ ಸಮಿತಿಯ ಕೈಗೆ ನಿಜವಾಗಿ ಬಿಟ್ಟ ಕೆಲಸ ಅಂದರೆ ಅದೇ. ಮಕ್ಕಳ ಶೂ, ಸಾಕ್ಸ್ ಖರೀದಿ ಎಸ್‌ಡಿಎಂಸಿ ಮೂಲಕ ನಡೆಯುತ್ತದೆ. ಐದನೇ ಕ್ಲಾಸಿನ ತನಕ ಒಂದು ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295. ಇಷ್ಟರಲ್ಲಿ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಬರಬೇಕು. ಅದು ಕಷ್ಟದ ರೇಟು. ನಾವು ನಾಲ್ಕು ಹೆಂಗಸರು, ಹೆಡ್ ಮೇಷ್ಟ್ರು ಸೇರಿ ಒಂದು ಶನಿವಾರ ಪೂರ್ತಿ ಅಂಗಡಿ ಸುತ್ತಿದೆವು. ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡಿದವರು ನಮ್ಮ ಜೊತೆ ಇದ್ದರು. ಅವರು ಪ್ರತಿ ಶೂ ಮಡಿಚಿ, ಅಟ್ಟೆ ಎಳೆದು, ಹೊಲಿಗೆ ಎಣಿಸಿ ನೋಡಿದರು. ಮೊದಲ ಅಂಗಡಿಯ ಮಾಲನ್ನು ಬೇಡ ಎಂದು ಬಿಟ್ಟೆವು. ಎರಡನೆಯವರು ಒಂದು ಸೈಜ್ ದೊಡ್ಡದು ಕೊಡಲು, ಸರಿಹೋಗದಿದ್ದರೆ ಬದಲಾಯಿಸಲು ಒಪ್ಪಿದರು. ಪ್ರತಿ ಮಗುವಿನ ಪಾದದ ಅಳತೆಯನ್ನು ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು ಹೋಗಿದ್ದೆವು. ಆ ಶೂಗಳು ಈಗಲೂ ಚೆನ್ನಾಗಿವೆ. ಬಿಲ್ಲನ್ನು ಶಾಲೆಯ ಬಾಗಿಲಿಗೆ ಅಂಟಿಸಿದ್ದೆವು. ಒಬ್ಬರೂ ಅನುಮಾನ ಪಡಲಿಲ್ಲ.

ಶೂ ಕೊಳ್ಳಲು ನಮ್ಮನ್ನು ನಂಬಬಹುದಾದರೆ, ಸೂರು ರಿಪೇರಿಗೆ ಯಾಕೆ ನಂಬಬಾರದು? ಯಾವ ರೂಮು ಮೊದಲು ಕಟ್ಟಬೇಕು ಎಂದು ಕೇಳಲು ಯಾಕೆ ಆಗುವುದಿಲ್ಲ?

ಸರ್ಕಾರ ಒಂದೇ ಅಲ್ಲ, ದಾನ ಕೊಡುವವರೂ ನಮ್ಮನ್ನು ಕೇಳುವುದಿಲ್ಲ. ಒಂದು ಕಂಪನಿಯವರು ಬಂದು ಹತ್ತು ಕಂಪ್ಯೂಟರ್ ಕೊಟ್ಟರು. ಮನಸ್ಸು ಒಳ್ಳೆಯದು. ಆದರೆ ನಮ್ಮ ಹಳೇ ವೈರಿಂಗಿಗೆ ಹತ್ತೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಮೂರು ಹಾಕುತ್ತೇವೆ, ಏಳಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದೇವೆ. ಮೊದಲೇ ಕೇಳಿದ್ದರೆ ವೈರಿಂಗ್ ಮಾಡಿಸಿಕೊಡಿ ಎಂದು ಹೇಳುತ್ತಿದ್ದೆವು.

ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬರು ರಿಟೈರ್ಡ್ ಟೀಚರ್ ಇದ್ದಾರೆ. ಮೇಡಂ ಹೋದ ವರ್ಷ ಮಗಳ ಮನೆಗೆಂದು ಅಮೆರಿಕದ ಶಿಕಾಗೊ ಪಕ್ಕದ ಒಂದು ಊರಿಗೆ ಹೋಗಿ ಆರು ತಿಂಗಳು ಇದ್ದು ಬಂದರು. ಅಳತೆ ಕೊಡುತ್ತಾ ಅಲ್ಲಿನ ಶಾಲೆಗಳ ಕಥೆ ಹೇಳಿದರು. ಅಲ್ಲಿ ಕೆಲವು ಊರುಗಳನ್ನು ಸೇರಿಸಿ ಒಂದು ಶಾಲಾ ಜಿಲ್ಲೆ ಮಾಡುತ್ತಾರಂತೆ. ಅದನ್ನು ನಡೆಸಲು ಏಳು ಜನರ ಮಂಡಳಿ. ಆ ಊರಿನವರೇ ವೋಟು ಹಾಕಿ ಆರಿಸುತ್ತಾರೆ, ನಾಲ್ಕು ವರ್ಷದ ಅವಧಿ, ಸಂಬಳ ಇಲ್ಲ. 2025ರ ಏಪ್ರಿಲ್‌ನಲ್ಲಿ ಮೇಡಂ ಅಲ್ಲಿದ್ದಾಗಲೇ ಚುನಾವಣೆ ಆಯಿತು. ಮನೆ ಮುಂದಿನ ಹುಲ್ಲಿನ ಮೇಲೆ ಸಣ್ಣ ಸಣ್ಣ ಬೋರ್ಡು ನೆಟ್ಟಿದ್ದರಂತೆ. ಅವರ ಮಗಳಿಗೆ ಅಲ್ಲಿನ ಪೌರತ್ವ ಇಲ್ಲ, ಹಾಗಾಗಿ ವೋಟಿಲ್ಲ. ಆದರೂ ಮಂಡಳಿಯ ಸಭೆಗೆ ಹೋಗಿ ಎದ್ದು ನಿಂತು ಮಾತಾಡಿ ಬಂದಳಂತೆ.

ನನಗೆ ಹಿಡಿಸಿದ್ದು ಎರಡು ಸಂಗತಿ. ಬಜೆಟ್ ಪಾಸು ಮಾಡುವ ಮೊದಲು ಕರಡನ್ನು 30 ದಿನ ಎಲ್ಲರೂ ನೋಡುವ ಹಾಗೆ ಇಡಬೇಕು. ಆಮೇಲೆ ಸಭೆ ಕರೆದು ಜನರ ಮಾತು ಕೇಳಬೇಕು. ಇನ್ನೊಂದು, ಮನೆ ತೆರಿಗೆಯ ಬಿಲ್ಲಿನಲ್ಲೇ ಶಾಲೆಗೆ ಹೋಗುವುದು ಎಷ್ಟು ಎಂದು ಬೇರೆ ಸಾಲಿನಲ್ಲಿ ಬರೆದಿರುತ್ತದೆ. ಅದೇ ದೊಡ್ಡ ಪಾಲಂತೆ.

ಆದರೆ ಅಲ್ಲಿಯದೆಲ್ಲ ಚಿನ್ನ ಎಂದು ಮೇಡಂ ಹೇಳಲಿಲ್ಲ. ಶಾಲೆ ಊರಿನ ಮನೆ ತೆರಿಗೆಯ ಮೇಲೆ ನಿಂತಿದ್ದರೆ, ದೊಡ್ಡ ಮನೆಗಳ ಊರಿನ ಶಾಲೆಗೆ ಜಾಸ್ತಿ ದುಡ್ಡು, ಬಡವರ ಊರಿನ ಶಾಲೆಗೆ ಕಮ್ಮಿ. ಬಡ ಊರಿನವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿದರೂ ಅಷ್ಟು ಕೂಡುವುದಿಲ್ಲವಂತೆ. ಆ ಪದ್ಧತಿ ನಮಗೆ ಬೇಡವೇ ಬೇಡ. ನಮ್ಮ ಬೀದಿಯಲ್ಲಿರುವುದು ಶೀಟಿನ ಮನೆಗಳು, ಪಕ್ಕದಲ್ಲೇ ಅಪಾರ್ಟ್‌ಮೆಂಟು. ದುಡ್ಡು ರಾಜ್ಯದಿಂದ ಬರಲಿ, ಅದೇ ನ್ಯಾಯ. ಬಂದ ದುಡ್ಡು ಎಷ್ಟು, ಯಾವುದಕ್ಕೆ ಎಂದು ನಮ್ಮ ಮುಂದೆ ಇಡಲಿ ಎಂದಷ್ಟೇ ಕೇಳುತ್ತಿದ್ದೇನೆ. ನಮ್ಮ ಪಾಲಿಕೆಯ ತೆರಿಗೆ ರಸೀದಿಯಲ್ಲಿ ಗ್ರಂಥಾಲಯದ ಸೆಸ್ ಎಂದು ಕಾಣುತ್ತದೆ ಅಲ್ವಾ? ನಮ್ಮ ಶಾಲೆಯ ಲೆಕ್ಕವೂ ಅಷ್ಟು ಸಲೀಸಾಗಿ ಕಾಣಲಿ.

ಇನ್ನು ಮಕ್ಕಳು ಕಲಿಯುತ್ತಿದ್ದಾರಾ? ಇದನ್ನು ಬರೆಯಲು ನನಗೆ ಕಷ್ಟ ಆಗುತ್ತದೆ. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿದರು. ಕೃಪಾಂಕ ಜಾಸ್ತಿ ಮಾಡಿದ ಮೇಲೂ ಬಂದಿದ್ದು ಶೇ 73.40. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ತೆಗೆದರು, ಮೊದಲ ಪರೀಕ್ಷೆಯಲ್ಲಿ ಶೇ 62.34 ಆಯಿತು. ಮಕ್ಕಳು ಎರಡು ವರ್ಷದಲ್ಲಿ ದಡ್ಡರಾಗಲಿಲ್ಲ. ಮುಂಚೆ ಮುಚ್ಚಿಟ್ಟಿದ್ದು ಈಗ ಕಾಣುತ್ತಿದೆ.

ನನ್ನ ಮಗಳು ಆ 2025ರ ಪರೀಕ್ಷೆ ಬರೆದಳು. ನಮ್ಮ ಶಾಲೆಯಿಂದ ಅವಳ ಜೊತೆ ಹೈಸ್ಕೂಲಿಗೆ ಹೋದವರು ಹದಿನೇಳು ಮಕ್ಕಳು. ಮೊದಲ ಪರೀಕ್ಷೆಯಲ್ಲಿ ಪಾಸಾದವರು ಒಂಬತ್ತು. ಫೇಲಾದ ಎಂಟೂ ಮಕ್ಕಳು ಗಣಿತದಲ್ಲಿ ಹೋಗಿದ್ದರು. ಮಗಳೂ ಅವರಲ್ಲಿ ಒಬ್ಬಳು. ಎರಡನೇ ಪರೀಕ್ಷೆಯಲ್ಲಿ ಕಟ್ಟಿ ಪಾಸಾದಳು. ಇವರೆಲ್ಲ ಆರು, ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಕೊರೊನಾ ಬೇರೆ. ಆರರಿಂದ ಎಂಟನೇ ಕ್ಲಾಸಿಗೆ ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ. ನಮ್ಮಲ್ಲಿ ಇವತ್ತಿಗೂ ಗಣಿತದ ಜಾಗ ಖಾಲಿ. 214 ಮಕ್ಕಳಿಗೆ ಐದು ಜನ ಕಾಯಂ, ಇಬ್ಬರು ಅತಿಥಿ ಶಿಕ್ಷಕಿಯರು. ಹೆಡ್ ಮೇಷ್ಟ್ರೂ ಆ ಐದರಲ್ಲೇ. ಅವರು ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಎಂಟ್ರಿ, ಮೀಟಿಂಗು ಎಂದು ಓಡಾಡುತ್ತಾರೆ. ಗಣಿತ ಕಲಿಸುತ್ತಿರುವುದು ಅತಿಥಿ ಶಿಕ್ಷಕಿ. ಬಿಎಸ್ಸಿ, ಬಿಎಡ್ ಮಾಡಿದ ಹುಡುಗಿ. ತಿಂಗಳಿಗೆ 12,000 ರೂಪಾಯಿ. ಗಾರ್ಮೆಂಟ್ಸ್‌ನ ಟೈಲರ್‌ಗೆ ಹೆಚ್ಚು ಕಮ್ಮಿ ಅಷ್ಟೇ ಸಿಗುತ್ತದೆ. ಆ ಹುಡುಗಿ ಬಿಟ್ಟು ಹೋದರೆ ನಾನು ತಡೆಯಲು ಯಾವ ಮುಖ ಇಟ್ಟುಕೊಂಡು ಹೋಗಲಿ?

2025ರ ಅಕ್ಟೋಬರಿನಲ್ಲಿ ರಾಜ್ಯದ ಜಾತಿ ಸಮೀಕ್ಷೆಗೆಂದು ಮೇಷ್ಟ್ರುಗಳನ್ನು ಕಳಿಸಿದರು. ದಸರಾ ರಜೆ ಮುಗಿದ ಮೇಲೂ ಸರ್ಕಾರಿ ಶಾಲೆಗಳಿಗೆ ರಜೆ ಮುಂದುವರಿಯಿತು. ಪಕ್ಕದ ಕಾನ್ವೆಂಟಿನ ಹಳದಿ ವ್ಯಾನ್ ದಿನಾ ಹೋಗುತ್ತಿತ್ತು, ನಮ್ಮ ಮಕ್ಕಳು ಬೀದಿಯಲ್ಲಿ ಗೋಲಿ ಆಡುತ್ತಿದ್ದರು. ಸಮೀಕ್ಷೆ ಬೇಡ ಎನ್ನುತ್ತಿಲ್ಲ. ನಮ್ಮಂಥವರ ಲೆಕ್ಕ ಸಿಗಲೇಬೇಕು. ಆದರೆ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನು ಹಾಕಬಾರದು ಎಂದು ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಇಷ್ಟು ದಿನದ ಪಾಠ ಯಾವಾಗ ತುಂಬಿಸುತ್ತೀರಿ ಎಂದು ಸಮಿತಿಯ ಹತ್ತಿರ ಒಂದು ಮಾತು ಆಡಬಹುದಿತ್ತು.

ಕಲಿಕೆ ಹಿಂದೆ ಬೀಳಲು ಇನ್ನೊಂದು ಕಾರಣ ನಮ್ಮ ಏರಿಯಾದ್ದೇ. ಅದೇ ವರ್ಷದ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಬಂತು. ನಮ್ಮ ಕಡೆ ಬಾಡಿಗೆ ಏರಿತು. ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರು ಇನ್ನೂ ಒಳಗೆ, ಇನ್ನೂ ದೂರಕ್ಕೆ ಮನೆ ಬದಲಾಯಿಸುತ್ತಾರೆ. ಮಗು ವರ್ಷದ ಮಧ್ಯದಲ್ಲಿ ಟಿಸಿ ತೆಗೆದುಕೊಂಡು ಹೋಗುತ್ತದೆ, ಬೇರೆ ಮಗು ಬರುತ್ತದೆ. ಬರುವವರು ಹೋಗುವವರಿಗಿಂತ ಜಾಸ್ತಿ. ಆದರೆ ಮೇಷ್ಟ್ರ ಹುದ್ದೆಯ ಲೆಕ್ಕ ಮಾತ್ರ ಹಳೇ ಸಂಖ್ಯೆಯಲ್ಲೇ ನಿಂತಿದೆ.

ನಾನು ಕೇಳುವುದು ಇಷ್ಟು. ಅನುದಾನ ಜೂನ್‌ನಲ್ಲೇ ಬರಲಿ. ಶೌಚಾಲಯ ತೊಳೆಯುವವರ ಸಂಬಳ ಅದರಿಂದ ಹೊರಗಿರಲಿ. ಸಮಿತಿ ಬರೆದ ಪತ್ರಕ್ಕೆ ತಿಂಗಳೊಳಗೆ ಲಿಖಿತ ಉತ್ತರ ಕೊಡಲಿ, ಆಗುವುದಿಲ್ಲ ಎಂದಾದರೂ ಸರಿ. ಸಭೆ ಭಾನುವಾರ ಇಡಲಿ. ಎಷ್ಟು ಮಕ್ಕಳಿಗೆ ಕನ್ನಡ ಸರಾಗವಾಗಿ ಓದಲು ಬರುತ್ತದೆ, ಎಷ್ಟು ಮಕ್ಕಳಿಗೆ ಭಾಗಾಕಾರ ಬರುತ್ತದೆ ಎಂದು ವರ್ಷಕ್ಕೆ ಎರಡು ಸಲ ಅಪ್ಪ ಅಮ್ಮಂದಿರ ಮುಂದೆ ಹೇಳಲಿ. ಮಗುವಿನ ಹೆಸರು ಹೇಳುವುದು ಬೇಡ, ಸಂಖ್ಯೆ ಸಾಕು. ನಮಗೆ ಸಿಟ್ಟು ಬರುವುದಿಲ್ಲ. ಗೊತ್ತಾದರೆ ಸಂಜೆ ಮನೆಯಲ್ಲಿ ಕೂರಿಸಿ ಓದಿಸಬಹುದು, ಹೈಸ್ಕೂಲ್ ಮುಗಿಸಿದ ಅಕ್ಕಂದಿರನ್ನು ಕರೆದು ಹೇಳಿಕೊಡಿಸಬಹುದು. ನನ್ನ ಮಗಳು ಈಗಾಗಲೇ ಶನಿವಾರ ಹತ್ತು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾಳೆ.

ಈ ಮಾರ್ಚಿಗೆ ಮಗ ಏಳನೇ ಕ್ಲಾಸು ಮುಗಿಸುತ್ತಾನೆ. ಆಮೇಲೆ ನಾನು ಸಮಿತಿಯಲ್ಲಿ ಇರುವ ಹಾಗಿಲ್ಲ. ಹಾಗಾಗಿ ಹೋದ ತಿಂಗಳು ನಾವು ಮೂವರು ಸೇರಿ ಹೆಡ್ ಮೇಷ್ಟ್ರ ಒಪ್ಪಿಗೆ ತೆಗೆದುಕೊಂಡು ಗೇಟಿನ ಒಳಗಿನ ಗೋಡೆಗೆ ಕಪ್ಪು ಬಣ್ಣ ಬಳಿದೆವು. ಅದರ ಮೇಲೆ ಬಿಳಿ ಬಣ್ಣದಲ್ಲಿ ಎರಡು ವರ್ಷದ ಲೆಕ್ಕ ಬರೆದೆವು. ಬಂದ ದಿನ, ಬಂದ ಮೊತ್ತ, ಯಾವುದಕ್ಕೆ ಎಷ್ಟು ಖರ್ಚು. ಮಗುವನ್ನು ಬಿಡಲು ಬಂದ ಅಪ್ಪಂದಿರು ಬೈಕ್ ನಿಲ್ಲಿಸಿ ಓದುತ್ತಾರೆ. ಓದಲು ಬರದ ಅಜ್ಜಿಯರಿಗೆ ಮಕ್ಕಳೇ ಜೋರಾಗಿ ಓದಿ ಹೇಳುತ್ತಾರೆ. ಈ ವರ್ಷದ ಅನುದಾನ ಎಂದು ಕೊನೆಯಲ್ಲಿ ಒಂದು ಸಾಲು ಬರೆದು, ಮುಂದೆ ಜಾಗ ಬಿಟ್ಟಿದ್ದೇವೆ. ಈ ಪತ್ರ ಬರೆಯುವ ಹೊತ್ತಿಗೆ ಅಲ್ಲಿ ತುಂಬಿಸಲು ನಮ್ಮ ಹತ್ತಿರ ಏನೂ ಬಂದಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಎಸ್‌ಡಿಎಂಸಿ ಅಧ್ಯಕ್ಷೆ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಬೆಂಗಳೂರು